ಅಜ್ಜಿಯ ಸಪ್ಪೆ

ಒಣಹುಲ್ಲಿನ ವಾಸನೆ ಬಂದರೆ ಸಾಕು, ಶಾಲಿನಿಗೆ ತಾನು ಅಂಗನವಾಡಿಗೆ ಹೋಗುತ್ತಿದ್ದ ದಿನಗಳು ನೆನಪಾಗುತ್ತಿದ್ದವು. ತಮ್ಮೂರು ಹೊಸಬಾಳೆಯಲ್ಲಿ ಗದ್ದೆ ಕೊಯ್ಲಿನ ಹೊತ್ತಿಗೆ ಅಮ್ಮ ಅವಳನ್ನು ಭತ್ತದ ಹುಲ್ಲಿನ ಮೇಲೆ ಮಲಗಿಸುತ್ತಿದ್ದಳು. ಆ ಹುಲ್ಲಿಗೆ ಬಿಸಿಲಿನ ವಾಸನೆ ಇರುತ್ತಿತ್ತು.

ಈಗ ಮೂಗಿಗೆ ಬರುತ್ತಿದ್ದುದು ಅದೇ ವಾಸನೆಯಲ್ಲ, ಅದರ ತಂಗಿ ಅನ್ನಬಹುದು. ಸ್ವಲ್ಪ ಸಿಹಿ. ಬೆಲ್ಲದ ಡಬ್ಬಿಯ ಮುಚ್ಚಳ ಈಗಷ್ಟೇ ತೆಗೆದ ಹಾಗೆ. ಶಾಲಿನಿ ಕಣ್ಣು ಮುಚ್ಚಿಕೊಂಡು ದೊಡ್ಡಮ್ಮನ ಮನೆಯ ಹಿತ್ತಲಿನ ಬಣವೆಗೆ ಒರಗಿ ಕೂತಿದ್ದಳು.

“ಏ ಸೊರಬದ ರಾಣಿ! ಹಂಗೆ ಒರಗಿದ್ರೆ ಮೈಯೆಲ್ಲ ತುರಿಸ್ತೈತೆ ನೋಡು.”

ದೊಡ್ಡಮ್ಮನ ಮಗ ಯತೀಶ. ಏಳನೇ ಕ್ಲಾಸು. ಹೊಲಕ್ಕೆ ಬುತ್ತಿ ಒಯ್ಯಲು ಹೊರಟು ನಿಂತಿದ್ದ.

“ಎಂತ?” ಎಂದಳು ಶಾಲಿನಿ.

“‘ಎಂತ’ ಅಂತೆ, ‘ಎಂತ’! ‘ಏನು’ ಅನ್ನಾಕೆ ಬರಲ್ವಾ ನಿಂಗೆ?”

“ನಿಂಗೆ ‘ಎಂತ’ ಅನ್ನಕ್ಕೆ ಬರಲ್ವಾ?”

ಯತೀಶ ನಕ್ಕು, ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡು ಹೋದ.

ದೀಪಾವಳಿ ರಜೆ ಇನ್ನೂ ಉಳಿದಿತ್ತು. ಶಾಲಿನಿ ನಿನ್ನೆಯಷ್ಟೇ ಸೊರಬದಲ್ಲಿ ಬಸ್ಸು ಹತ್ತಿ ಶಿಕಾರಿಪುರದ ಹತ್ತಿರದ ಈ ಊರಿಗೆ ಬಂದಿದ್ದಳು. ದೂರವೇನಲ್ಲ. ಆದರೂ ಇಲ್ಲಿ ಕಣ್ಣು ಹಾಯಿಸಿದ ಕಡೆಯೆಲ್ಲ ಜೋಳವೇ. ಶಾಲೆಯ ಪುಸ್ತಕದಲ್ಲಿ ಮೆಕ್ಕೆಜೋಳ ಎಂದಿದ್ದದ್ದನ್ನು ಇಲ್ಲಿಯವರು ಗೋವಿನಜೋಳ ಎನ್ನುತ್ತಿದ್ದರು. ಮಾತುಗಳೂ ಅಲ್ಲಲ್ಲಿ ಬೇರೆ. ಅರ್ಥವಾಗದಿದ್ದಾಗ ಶಾಲಿನಿ ಸುಮ್ಮನೆ ತಲೆಯಾಡಿಸುತ್ತಿದ್ದಳು.

ತೆನೆ ಮುರಿದ ಮೇಲೆ ಉಳಿದ ದಂಟನ್ನೆಲ್ಲ ತಂದು ಮನೆಯ ಹಿಂದಿನ ಕಣದಲ್ಲಿ ರಾಶಿ ಹಾಕಿದ್ದರು. ಅದರ ಪಕ್ಕದಲ್ಲೇ ಈ ಬಣವೆ. ರಾಶಿಯಂತೆ ಅಡ್ಡಾದಿಡ್ಡಿ ಅಲ್ಲ. ದಂಟನ್ನು ಸಣ್ಣ ಸಣ್ಣ ಸೂಡು ಕಟ್ಟಿ, ಒಂದರ ಮೇಲೊಂದು ಒಪ್ಪವಾಗಿ ಪೇರಿಸಿದ್ದರು. ಪ್ರತಿ ಸೂಡಿಗೂ ಹಳೆಯ ಹಸಿರು ಸೀರೆಯ ಪಟ್ಟಿಯ ಗಂಟು.

ಹೊಸಬಾಳೆಯಲ್ಲಾದರೆ ಬಣವೆ ಎಂದರೆ ದನದ ಹುಲ್ಲು. ಆದರೆ ಈ ದಂಟೋ ಕೋಲಿನ ಹಾಗಿತ್ತು. ಇದನ್ನು ಯಾವ ದನ ಅಗಿದೀತು? ಶಾಲಿನಿಗೆ ಇದು ಏನಾಗುತ್ತದೆ ಎಂದು ಗೊತ್ತಿತ್ತು. ಹೋದ ತಿಂಗಳು ಶಾಲೆಯಲ್ಲಿ ನಾಹಿದಾ ಮೇಡಂ ಹೇಳಿದ್ದರು. ಜೋಳದ ದಂಟನ್ನು ಹೊಲದಲ್ಲೇ ಸುಟ್ಟರೆ ಊರಿಗೆಲ್ಲ ಹೊಗೆ. ಅದರಿಂದ ಇಂಧನ ಮಾಡಿದರೆ ಬಸ್ಸೂ ಓಡಬಹುದು. ಶಾಲಿನಿ ಚಿತ್ರ ಬರೆದಿದ್ದಳು. ಒಂದು ದಂಟು, ಒಂದು ಬಾಣ, ಒಂದು ಫ್ಯಾಕ್ಟರಿ, ಮತ್ತೊಂದು ಬಾಣ, ಕೆಂಪು ಬಸ್ಸು. ಮೇಡಂ ಅದಕ್ಕೆ ಸ್ಟಾರ್ ಹಾಕಿದ್ದರು.

ಅಡುಗೆಮನೆಯಲ್ಲಿಟ್ಟಿದ್ದ ಫೋನ್ ರಿಂಗಾಯಿತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ದೊಡ್ಡಪ್ಪ, ದೊಡ್ಡಮ್ಮ ಹೊಲದಲ್ಲಿದ್ದರು. ದೊಡ್ಡಪ್ಪನ ತಾಯಿ ಮೂಕಮ್ಮಜ್ಜಿ ಬಿಪಿ ತೋರಿಸಲು ಪಕ್ಕದ ಮನೆಯ ಲೋಕಮ್ಮನ ಜೊತೆ ಶಿಕಾರಿಪುರಕ್ಕೆ ಹೋಗಿದ್ದಳು. ಶಾಲಿನಿ ಓಡಿದಳು.

“ಹಲೋ! ಶಾಲಿನಿ, ಕೇಳ್ತೈತಾ?” ದೊಡ್ಡಪ್ಪನ ದನಿ. ಹಿಂದೆ ಜೋಳ ಬಿಡಿಸುವ ಮಷಿನ್ ಗರಗರ ಎನ್ನುತ್ತಿತ್ತು. “ಈಗ ವಲೀಸಾಬ್ರು ಟ್ರ್ಯಾಕ್ಟರ್ ತರ್ತಾರೆ. ಅಜ್ಜಿ ಸಪ್ಪೆ ಇಟ್ಟು, ಉಳಿದಿದ್ದೆಲ್ಲಾ ಕೊಟ್ಟು ಕಳಿಸು. ತಿಳೀತಾ?”

“ಎಂತ ಇಡಬೇಕು?”

“ಸಪ್ಪೆ, ಸಪ್ಪೆ! ಅಜ್ಜಿದು!” ಫೋನ್ ಕಟ್ಟಾಯಿತು.

ಇದೇನು ಕಷ್ಟದ ಮಾತಲ್ಲ. ಡಾಕ್ಟರು ಅಜ್ಜಿಗೆ ಉಪ್ಪು ಬೇಡ ಎಂದಿದ್ದರು. ಬೆಳಿಗ್ಗೆ ದೊಡ್ಡಮ್ಮ, “ಇದು ಅಜ್ಜಿಗೆ, ಸಪ್ಪೆ,” ಎನ್ನುತ್ತ ಸಣ್ಣ ಪಾತ್ರೆಯಲ್ಲಿ ಉಪ್ಪಿಲ್ಲದ ಬೇಳೆ ಬೇರೆಯಾಗಿ ಬೇಯಿಸಿದ್ದಳು. ಅಜ್ಜಿ ಹಸಿದು ಬರುತ್ತಾಳೆಂದು ದೊಡ್ಡಪ್ಪ ನೆನಪಿಸಿದ್ದಾನೆ. ಎಷ್ಟು ಒಳ್ಳೆಯ ದೊಡ್ಡಪ್ಪ!

ಶಾಲಿನಿ ಸ್ಟೀಲ್ ತಟ್ಟೆ ತೊಳೆದಳು. ಅನ್ನ ಹಾಕಿ, ಸಪ್ಪೆ ಬೇಳೆಯನ್ನು ಬಟ್ಟಲಿಗೆ ಬಗ್ಗಿಸಿ, ಮೇಲೊಂದು ತಟ್ಟೆ ಮುಚ್ಚಿದಳು. ಬೆಕ್ಕು ಬರಬಾರದೆಂದು ಅದರ ಮೇಲೆ ಒರಳಿನ ಗುಂಡನ್ನೂ ಎತ್ತಿಡಲು ನೋಡಿದಳು. ಅದು ಅಲ್ಲಾಡಲಿಲ್ಲ. ಲಟ್ಟಣಿಗೆ ಇಟ್ಟಳು.

ಅಷ್ಟರಲ್ಲಿ ಟ್ರ್ಯಾಕ್ಟರ್ ಬಂತು. ವಲೀಸಾಬರು ಬಿಳಿ ಗಡ್ಡದವರು, ಶಿಕಾರಿಪುರದವರು, ಫ್ಯಾಕ್ಟರಿಗೆ ದಂಟು ಸಾಗಿಸುವವರು. ಜೊತೆಗಿಬ್ಬರು ಆಳುಗಳು. ಕಣದ ರಾಶಿಯನ್ನೆಲ್ಲ ಟ್ರೈಲರಿಗೆ ತುಂಬಿದ ಮೇಲೆ ವಲೀಸಾಬರು ಟವೆಲಿನಿಂದ ಮುಖ ಒರೆಸಿಕೊಂಡು ಬಣವೆಯ ಕಡೆ ನೋಡಿದರು.

“ತಂಗೀ, ಇದನ್ನೂ ತಗಳ್ಳೋದಾ?”

“ಹೂಂ. ಎಲ್ಲಾ ಕೊಟ್ಟು ಕಳಿಸು ಅಂದ್ರು ದೊಡ್ಡಪ್ಪ.”

“ಅಜ್ಜಿಗೆ ಸಪ್ಪೆ?”

“ಇಟ್ಟಿದೀನಿ!”

“ಎಲ್ಲಿಟ್ಟೀಯವ್ವ? ಕಾಣವಲ್ದು.”

“ಒಳಗೆ. ಮುಚ್ಚಿ ಇಟ್ಟಿದೀನಿ.”

“ಒಳಗೆ ಐತಾ?” ವಲೀಸಾಬರು ಕೊಟ್ಟಿಗೆಯ ಕಡೆಗೊಮ್ಮೆ ನೋಡಿದರು. ಗಡ್ಡ ಕೆರೆದುಕೊಂಡರು. “ಹಂಗಾರೆ ಸರಿ ಬಿಡು.”

ಶಾಲಿನಿ ಅವರಿಗೆಲ್ಲ ನೀರು ತಂದುಕೊಟ್ಟಳು. ಟ್ರ್ಯಾಕ್ಟರ್ ಹೋದ ಮೇಲೆ ಪೊರಕೆ ತಂದು ಕಣವನ್ನೂ ಗುಡಿಸಿದಳು. ಇಷ್ಟೆಲ್ಲ ಮಾಡಿದ್ದಕ್ಕೆ ಯಾರಾದರೂ ಒಂದು ಸ್ಟಾರ್ ಕೊಟ್ಟೇ ಕೊಡುತ್ತಾರೆ ಅನ್ನಿಸಿತು.

ಅಜ್ಜಿ ಬಂದಾಗ ಬಿಸಿಲು ಇಳಿಯುತ್ತಿತ್ತು. ಅವಳು ಒಳಗೆ ಬರಲಿಲ್ಲ. ಯಾವಾಗಲೂ ಹಾಗೇ ಅಂತೆ, ಮೊದಲು ಕೊಟ್ಟಿಗೆಗೆ ಹೋಗಿ ಚಂದ್ರಿಯನ್ನು ಮಾತಾಡಿಸಬೇಕು. ಚಂದ್ರಿ ಅಜ್ಜಿಯ ಎಮ್ಮೆ. ಹಣೆಯ ಮೇಲೊಂದು ಬಿಳಿ ಬೊಟ್ಟು. ಹೊಟ್ಟೆಯಲ್ಲಿ ಕರು. ಕೊರಳಲ್ಲಿ ಹಬ್ಬದ ದಿನ ಕಟ್ಟಿದ ಚೆಂಡುಹೂವಿನ ಹಾರ ಒಣಗಿ ಜೋತಾಡುತ್ತಿತ್ತು.

ಅಜ್ಜಿ ಕೊಟ್ಟಿಗೆಯ ಬಾಗಿಲಲ್ಲೇ ನಿಂತಳು.

“ನನ್ನ ಬಣವೆ ಎಲ್ಲಿ ಹೋತು?”

“ವಲೀಸಾಬ್ರು ತಗೊಂಡೋದ್ರು ಅಜ್ಜಿ! ಫ್ಯಾಕ್ಟರಿಗೆ. ದೊಡ್ಡಪ್ಪ ಫೋನ್ ಮಾಡಿದ್ರು, ಎಲ್ಲಾ ಕೊಟ್ಟು ಕಳಿಸು ಅಂತ.”

ಅಜ್ಜಿ ಬೈಯಲಿಲ್ಲ. ಕೂಗಲೂ ಇಲ್ಲ. ಕೈಯಲ್ಲಿದ್ದ ಮಾತ್ರೆಯ ಚೀಟಿ ಸಮೇತ ಕಟ್ಟೆಯ ಮೇಲೆ ಕೂತಳು.

“ಹಂಗಾರೆ ಅವನೇ ಹೇಳ್ಯಾನೆ,” ಎಂದಳು, ಚಂದ್ರಿಗೆ ಹೇಳುವಂತೆ. “ಬೇಸಿಗೆಗೆ ಮೇವಿಲ್ಲ, ಎಮ್ಮೆ ಮಾರಾಣ ಅಂತಿದ್ದ. ಮೇವು ನಾ ಕೂಡಿಸ್ತೀನಿ ಅಂದೆ. ಒಂದೊಂದೇ ಸೂಡು ಕಟ್ಟಿ ಕೂಡಿಸಿದೆ. ಈಗ ಮೇವೇ ಇಲ್ದಂಗೆ ಮಾಡಿದ.”

ಶಾಲಿನಿಗೆ ಏನೂ ತಿಳಿಯಲಿಲ್ಲ. ಆ ದಂಟು ಮೇವಾ? ಹಾಗಾದರೆ ದೊಡ್ಡಪ್ಪ ಯಾಕೆ ಕೊಡು ಅಂದ? ಎಷ್ಟು ಒಳ್ಳೆಯ ದೊಡ್ಡಪ್ಪ ಅಂದುಕೊಂಡಿದ್ದಳಲ್ಲ ಅವಳು?

ಹೊಲದಿಂದ ಮೂವರೂ ಬಂದರು. ದೊಡ್ಡಪ್ಪನ ಮೈಯೆಲ್ಲ ಜೋಳದ ಹೊಟ್ಟು. ಅವನು ಖಾಲಿ ಜಾಗ ನೋಡಿದ, ಅಜ್ಜಿಯ ಮುಖ ನೋಡಿದ.

“ಅವ್ವ, ಬಣವೆ…”

“ನನ್ನನ್ನೇನು ಕೇಳ್ತಿ ರಾಮಪ್ಪ? ಮಾರೋದಾದ್ರೆ ನೆಟ್ಟಗೆ ಹೇಳಬೇಕಿತ್ತು. ನಾ ಆಸ್ಪತ್ರೆಗೆ ಹೋದಾಗ ಹಿಂಗ್ ಮಾಡಬಾರದಿತ್ತು.”

“ಅಯ್ಯೋ, ನಾನಲ್ಲ ಅವ್ವ! ಸಪ್ಪೆ ಇಟ್ಟೇ ಕಳಿಸು ಅಂದಿದ್ದೆ!”

“ಇಟ್ಟಿದ್ರೆ ಎಲ್ಲಿ? ಹಾರಿ ಹೋತಾ?”

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಶಾಲಿನಿ ಇಬ್ಬರನ್ನೂ ನೋಡಿದಳು. ಸುಮ್ಮನಿದ್ದರೆ ಯಾರೂ ತನ್ನನ್ನು ಕೇಳುವುದಿಲ್ಲ. ಆದರೆ ಅಜ್ಜಿ ದೊಡ್ಡಪ್ಪನನ್ನು ನಂಬುವುದಿಲ್ಲ.

“ದೊಡ್ಡಪ್ಪ ಹೇಳಿದ್ದು ನಿಜ ಅಜ್ಜಿ,” ಎಂದಳು. “ಸಪ್ಪೆ ಇಡು ಅಂದ್ರು. ನಾನು ಇಟ್ಟೆ. ತರ್ತೀನಿ ಇರಿ.”

ಒಳಗೆ ಓಡಿಹೋಗಿ, ಲಟ್ಟಣಿಗೆ ಸರಿಸಿ, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಎಲ್ಲರೆದುರು ಮುಚ್ಚಳ ತೆಗೆದಳು.

ಮೊದಲು ಸಿಡಿದವನು ಯತೀಶ. “ಅಮ್ಮಾ! ಬೇಳೆ! ಬೇಳೆ ಇಟ್ಟಾಳೆ! ಇನ್ಮೇಲೆ ಚಂದ್ರಿಗೆ ಅನ್ನ ಬೇಳೆ!” ನಕ್ಕು ನಕ್ಕು ಗೋಡೆ ಹಿಡಿದುಕೊಂಡ.

“ಸಾಕು ಬಿಡೋ,” ಎಂದಳು ದೊಡ್ಡಮ್ಮ. ಶಾಲಿನಿಯ ಹತ್ತಿರ ಬಂದು ಕೂತಳು. “ಪುಟ್ಟಿ, ನಮ್ಮ ಸೊರಬದ ಕಡೆ ಸಪ್ಪೆ ಅಂದ್ರೆ ಉಪ್ಪಿಲ್ಲದ್ದು ಅಷ್ಟೇ. ಇಲ್ಲಿ ಜೋಳದ ಒಣ ದಂಟಿಗೂ ಸಪ್ಪೆ ಅಂತಾರೆ. ಎಮ್ಮೆ ತಿನ್ನೋದು.”

ಶಾಲಿನಿ ತಟ್ಟೆಯನ್ನೇ ನೋಡಿದಳು. ಹೇಳಿದ್ದನ್ನೇ ಮಾಡಿದ್ದಳು. ಆದರೂ ತಪ್ಪಾಗಿತ್ತು. ಎರಡೂ ಹೇಗೆ ಒಟ್ಟಿಗೆ ನಿಜ ಆಗುತ್ತವೆ?

ದೊಡ್ಡಪ್ಪ ಆಗಲೇ ಫೋನ್ ಕಿವಿಗಿಟ್ಟಿದ್ದ. ವಲೀಸಾಬರ ಫೋನ್ ಸ್ವಿಚ್ ಆಫ್. “ಮಷಿನ್ನಿಗೆ ಹಾಕಿಬಿಟ್ರೆ ಮುಗೀತು,” ಎನ್ನುತ್ತ ಬೈಕ್ ತೆಗೆದ.

“ನಾನೂ ಬರ್ತೀನಿ. ವಲೀಸಾಬ್ರಿಗೆ ಹೇಳಿದ್ದು ನಾನಲ್ವಾ?”

ದೊಡ್ಡಪ್ಪ ಒಂದು ಕ್ಷಣ ಅವಳನ್ನು ನೋಡಿ, “ಹತ್ತು,” ಎಂದ.

ಅಂಬ್ಲಿಗೊಳದ ಕಾಲುವೆ ದಾಟಿದರು. ಆಮೇಲೆ ಶಾಲಿನಿ ಅವನ ಬೆನ್ನಿಗೆ ಕೇಳಿದಳು, “ದೊಡ್ಡಪ್ಪ, ದಂಟನ್ನ ಫ್ಯಾಕ್ಟರಿಗೆ ಕೊಡೋದು ಒಳ್ಳೇದಾ, ಕೆಟ್ಟದ್ದಾ?”

“ಒಳ್ಳೇದೇ. ಹೋದ ವರ್ಷ ಹೊಲದಾಗೆ ಬೆಂಕಿ ಇಟ್ಟಿದ್ವಿ. ಆ ಹೊಗಿಗೆ ಅವ್ವ ಎಷ್ಟು ಕೆಮ್ಮಿದ್ಲು ಗೊತ್ತಾ?”

“ಹಂಗಾದ್ರೆ ಚಂದ್ರಿ?”

ಬೈಕ್ ಸ್ವಲ್ಪ ನಿಧಾನವಾಯಿತು. ಆಮೇಲೆ ಜೋರಾಯಿತು.

ಫ್ಯಾಕ್ಟರಿ ಎಂದರೆ ಶಾಲಿನಿ ಬರೆದಂಥ ಹೊಗೆಕೊಳವೆಯ ಕಟ್ಟಡವಲ್ಲ. ತಗಡಿನ ದೊಡ್ಡ ಶೆಡ್ಡು. ಅದರ ಮುಂದೆ ಗುಡ್ಡ ಗುಡ್ಡ ದಂಟು, ಯಾವ ಯಾವ ಊರಿನದೋ. ಇದರಲ್ಲಿ ಅಜ್ಜಿಯದು ಯಾವುದು? ಎಲ್ಲ ಒಂದೇ ಬಣ್ಣ, ಎಲ್ಲಕ್ಕೂ ಅದೇ ಬೆಲ್ಲದ ಡಬ್ಬಿಯ ವಾಸನೆ. ಶಾಲಿನಿಗೆ ಅಳು ಬಂತು.

ಆದರೆ ಮಷಿನ್ ಸದ್ದು ಇರಲಿಲ್ಲ.

ಶೆಡ್ಡಿನೊಳಗೆ ದಂಟು ಕತ್ತರಿಸುವ ಯಂತ್ರದ ಮುಂದೆ ವಲೀಸಾಬರು ಕುಕ್ಕರಗಾಲಲ್ಲಿ ಕೂತಿದ್ದರು. ಕತ್ತಿಗಳ ಸಂದಿಯಿಂದ ಏನನ್ನೋ ಎಳೆಯುತ್ತಿದ್ದರು. ಹಸಿರು ಬಟ್ಟೆ! ಪಕ್ಕದಲ್ಲಿ ಸೂಪರ್‌ವೈಸರ್ ಕೈಕಟ್ಟಿ ಮುಖ ಗಂಟು ಹಾಕಿಕೊಂಡು ನಿಂತಿದ್ದ.

“ಬಾ ತಂಗಿ, ಬಾ,” ಎಂದರು ವಲೀಸಾಬರು. “ನಿಮ್ಮಜ್ಜಿ ಸೀರೆ ಈ ಮಷಿನ್ನನ್ನೇ ನಿಲ್ಲಿಸಿಬಿಡ್ತು ನೋಡು. ಅರ್ಧ ಬಣವೆ ಒಳಗೆ ಹೋಗಿತ್ತು, ಗಕ್ಕಂತ ನಿಂತ್ಬಿಡ್ತು. ಪಟ್ಟಿ ಎಳೀತಾ ಎಳೀತಾ ನನಗೆ ಅನ್ನಿಸ್ತು, ಸೀರೆ ಹರಿದು ಇಷ್ಟು ನಾಜೂಕಾಗಿ ಗಂಟು ಹಾಕಿದೋರು ಬೆಂಕಿಗೆ ಹಾಕಾಕೆ ಕಟ್ಟಿರಲ್ಲ ಅಂತ. ಅದಕ್ಕೇ ಉಳಿದಿದ್ದನ್ನ ಟ್ರೈಲರ್‌ನಿಂದ ಇಳಿಸಲಿಲ್ಲ. ಫೋನ್ ಮಾಡಾಣ ಅಂದ್ರೆ ಚಾರ್ಜ್ ಖಾಲಿ. ಅಲ್ಲ ತಂಗಿ, ಸಪ್ಪೆ ಒಳಗೆ ಮುಚ್ಚಿಟ್ಟೀನಿ ಅಂದಿಯಲ್ಲ?”

“ಅದು… ಬೇಳೆ.”

“ಏನು?”

“ಸಪ್ಪೆ ಬೇಳೆ. ಉಪ್ಪಿಲ್ಲದ್ದು. ತಟ್ಟೇಲಿ ಮುಚ್ಚಿಟ್ಟಿದ್ದೆ.”

ವಲೀಸಾಬರು ಅವಳನ್ನೂ ದೊಡ್ಡಪ್ಪನನ್ನೂ ನೋಡಿದರು. ಹಣೆಗೆ ಕೈ ಬಡಿದುಕೊಂಡು ನಗತೊಡಗಿದರು. “ಯಾ ಅಲ್ಲಾ! ನಾನು ಕೊಟ್ಟಿಗೆ ಒಳಗೆ ಅನ್ಕಂಡೆ! ನಮ್ಮ ಮನೆಯಾಕೆ ಕುಬ್ರಾ ಬೀನೂ ನನಗೆ ದಿನಾ ಸಪ್ಪೆ ಊಟ ಇಕ್ತಾಳೆ. ಬಿಪಿ ನನಗೂ ಐತಲ್ಲ! ಆದ್ರೂ ನನ್ನ ತಲೆಗೆ ಹೊಳೀಲಿಲ್ಲ ನೋಡು.”

ದೊಡ್ಡಪ್ಪನೂ ನಕ್ಕ. ಶಾಲಿನಿಗೆ ನಗು ಬರಲಿಲ್ಲ. “ಒಳಗೆ ಹೋದ ಅರ್ಧ?” ಎಂದಳು.

ಯಂತ್ರದ ಇನ್ನೊಂದು ಬದಿಯಲ್ಲಿ ಬೆರಳಿನಷ್ಟು ಉದ್ದದ ಚೂರುಗಳು ರಾಶಿ ಬಿದ್ದಿದ್ದವು. ಅವನ್ನು ಮುಂದೆ ಪುಡಿ ಮಾಡಿ, ಒತ್ತಿ, ಗಟ್ಟಿ ಮಾಡುತ್ತಾರಂತೆ. ವಲೀಸಾಬರು ಅಂಥ ಒಂದು ತುಂಡು ಅವಳ ಕೈಗಿಟ್ಟರು. ಕಂದು ಬಣ್ಣ, ಒನಕೆಯ ತುಂಡಿನಂತಿತ್ತು. “ಅಕ್ಕಿ ಮಿಲ್ಲಿನ ಬಾಯ್ಲರ್‌ಗೆ ಇದು ಸೌದೆ.”

“ಬಸ್ಸಿಗೆ?”

“ಬಸ್ಸಿಗೆ ಹಾಕೋದು ಮಾಡೋ ಫ್ಯಾಕ್ಟರಿ ಬೇರೆ ಕಡೆಗೆ ಐತಂತೆ. ಇಲ್ಲಿ ಸೌದೆ ಅಷ್ಟೇ.” ವಲೀಸಾಬರು ಒಂದು ಹಿಡಿ ಚೂರು ಎತ್ತಿ ಮೂಸಿದರು. “ಇದು ಇನ್ನೂ ಪುಡಿ ಆಗಿಲ್ಲ. ಎಮ್ಮೆ ಇದನ್ನೂ ತಿಂತೈತೆ ತಂಗಿ. ಹಲ್ಲಿಗೆ ಇನ್ನೂ ಹಗೂರ. ಚೀಲ ಇದ್ರೆ ತುಂಬಬಹುದಿತ್ತು…”

ಮುಖ ಗಂಟು ಹಾಕಿ ನಿಂತಿದ್ದ ಸೂಪರ್‌ವೈಸರ್ ಒಳಗೆ ಹೋದ. ಖಾಲಿ ಗೋಣಿಚೀಲಗಳನ್ನು ತಂದು ಒಂದರ ಬಾಯಿ ಅಗಲಿಸಿ ಹಿಡಿದು ನಿಂತ. “ಬಟ್ಟೆ ಚೂರು ಆರಿಸಿ ತೆಗೀರಿ,” ಎಂದ. “ಎಮ್ಮೆ ಹೊಟ್ಟಿಗೆ ಹೋಗಬಾರದು.”

ಟ್ರ್ಯಾಕ್ಟರ್ ಊರಿಗೆ ಬಂದಾಗ ಸೂರ್ಯ ಮುಳುಗಿದ್ದ. ಅಜ್ಜಿ ಇನ್ನೂ ಕಟ್ಟೆಯ ಮೇಲೇ ಇದ್ದಳು. ದೊಡ್ಡಪ್ಪ ಯಾರನ್ನೂ ಕರೆಯದೆ ತಾನೇ ಸೂಡುಗಳನ್ನು ಇಳಿಸಿದ. ಬಣವೆ ಇದ್ದ ಜಾಗದಲ್ಲೇ, ಅಜ್ಜಿ ಪೇರಿಸಿದಂತೆಯೇ ಪೇರಿಸತೊಡಗಿದ. ಅವನದು ಒಂದು ಕಡೆ ವಾಲಿತು.

“ಅದು ಹಂಗಲ್ಲ,” ಎಂದಳು ಅಜ್ಜಿ ಕೂತಲ್ಲಿಂದಲೇ. “ಬುಡ ಹೊರಗೆ ಬರಬೇಕು.”

“ಆತು ಅವ್ವ.” ಇನ್ನೊಂದು ಸೂಡು ಇಟ್ಟು, ಆ ಕಡೆ ತಿರುಗಿಕೊಂಡೇ ಹೇಳಿದ. “ಚಂದ್ರಿ ಕರು ಹಾಕಲಿ. ಮಾರೋ ಮಾತು ಬ್ಯಾಡ.”

ಅಜ್ಜಿ ಎದ್ದು ಬಂದು ವಾಲಿದ ಕಡೆಗೆ ಕೈ ಕೊಟ್ಟಳು.

ಯತೀಶ ಒಂದು ಬುಟ್ಟಿ ಚೂರು ತಂದು ಚಂದ್ರಿಯ ಮುಂದೆ ಸುರಿದ. ಚಂದ್ರಿ ಮೂಸಿತು, ಬುಸ್ ಎಂದು ಉಸಿರು ಬಿಟ್ಟಿತು, ಆಮೇಲೆ ಒಂದು ಚೂರೂ ಬಿಡದೆ ತಿಂದಿತು. ಆದರೆ ಟ್ರೈಲರಿನಿಂದ ಇಳಿಸುವಾಗಲೇ ಅದರ ಮುಂದೆ ಹಾಕಿದ್ದ ಒಂದು ಇಡೀ ಸೂಡಿನಲ್ಲಿ ಗರಿ ಮಾತ್ರ ಖಾಲಿಯಾಗಿತ್ತು. ಹೆಬ್ಬೆರಳು ದಪ್ಪದ ಬುಡಗಳು ಹಾಗೇ ಬಿದ್ದಿದ್ದವು. ಶಾಲಿನಿ ಅವನ್ನು ನೋಡುತ್ತ ನಿಂತಳು. ತಾನು ಬರೆದ ಚಿತ್ರದಲ್ಲಿ ದಂಟು, ಫ್ಯಾಕ್ಟರಿ, ಬಸ್ಸು ಎಲ್ಲ ಇತ್ತು. ಎಮ್ಮೆ ಮಾತ್ರ ಇರಲಿಲ್ಲ.

ಅವಳು ಬಗ್ಗಿ ಒಂದೊಂದೇ ಬುಡ ಆರಿಸಿದಳು. ಅಪ್ಪಿಕೊಳ್ಳುವಷ್ಟು ಆಯಿತು. ಹೊರಡಲು ನಿಂತಿದ್ದ ವಲೀಸಾಬರ ಹತ್ತಿರ ಹೋದಳು.

“ಇದನ್ನ ಚಂದ್ರಿ ತಿನ್ನಲ್ಲ. ಇದು ನಿಮ್ಮ ಮಷಿನ್ನಿಗೆ.”

ಅಷ್ಟು ದೊಡ್ಡ ಟ್ರೈಲರಿಗೆ ಅದೊಂದು ಲೆಕ್ಕವೇ ಅಲ್ಲ. ವಲೀಸಾಬರು ನಗಲಿಲ್ಲ. ಎರಡೂ ಕೈ ಚಾಚಿ ಇಸಿದುಕೊಂಡು, ಬೀಳದಂತೆ ಒಂದು ಮೂಲೆಯಲ್ಲಿಟ್ಟರು. “ಸರಿ ತಂಗಿ. ಮುಂದಿನ ಸಲ ಬಂದಾಗ ನಿನ್ನನ್ನೇ ಕೇಳ್ತೀನಿ, ಯಾವುದು ನನ್ನದು ಅಂತ.”

ಟ್ರ್ಯಾಕ್ಟರ್ ಸದ್ದು ದೂರವಾಯಿತು. ಶಾಲಿನಿ ಕೊಟ್ಟಿಗೆಯ ಕಂಬ ಹಿಡಿದು ನಿಂತಳು. ಅಜ್ಜಿ ಅವಳ ಕಡೆ ನೋಡದೆ ಚಂದ್ರಿಯ ಕೊರಳಿನ ಒಣ ಹಾರ ಬಿಚ್ಚುತ್ತಿದ್ದಳು.

“ನಿಮ್ಮ ದೊಡ್ಡಮ್ಮ ಮದುವಿಯಾಗಿ ಬಂದ ಹೊಸದಾಗಿ,” ಎಂದಳು ಮೆಲ್ಲಗೆ, “ಎಮ್ಮಿಗೆ ಸಪ್ಪೆ ಹಾಕವ್ವ ಅಂದೆ. ಏನು ಮಾಡಿದ್ಲು ಗೊತ್ತಾ? ಉಪ್ಪಿಲ್ಲದ ಗಂಜಿ ಕಾಸಿ, ಆರಿಸಿ, ಪಾತ್ರೇಲಿ ತಂದು ಎಮ್ಮಿ ಮುಂದಿಟ್ಲು.”

“ಆಮೇಲೆ?”

“ಎಮ್ಮಿ ಕುಡೀತು.”

“ಮತ್ತೆ ನೀವು?”

“ನಾನೇನು? ಪಾತ್ರೆ ತೊಳೆದಿಟ್ಟೆ. ಯಾರಿಗೂ ಹೇಳಲಿಲ್ಲ. ನೀನೂ ಹೇಳಬ್ಯಾಡ.”

ಅಡುಗೆಮನೆಯ ಒಳಗಿಂದ, “ನಂಗೆ ಕೇಳ್ತು!” ಎಂದು ದೊಡ್ಡಮ್ಮ ಕೂಗಿದಳು.

ಆಗ ಶಾಲಿನಿಗೆ ನೆನಪಾಯಿತು. ಬೆಳಿಗ್ಗೆ ಹೋದ ಅಜ್ಜಿ ಇನ್ನೂ ಊಟ ಮಾಡಿರಲಿಲ್ಲ. ಅವಳು ಒಳಗೆ ಹೋದಳು. ದೊಡ್ಡಮ್ಮ ಬೇಳೆಯನ್ನು ಆಗಲೇ ಬಿಸಿಗಿಟ್ಟಿದ್ದಳು. ಶಾಲಿನಿ ತಟ್ಟೆಗೆ ಬಿಸಿ ಅನ್ನ ಹಾಕಿಸಿಕೊಂಡು, ಬೇಳೆಯ ಬಟ್ಟಲು ಜೋಡಿಸಿ, ತುಳುಕದ ಹಾಗೆ ಹೆಜ್ಜೆ ಹಾಕುತ್ತ ಹಿತ್ತಲಿಗೆ ಬಂದಳು.

ಅಜ್ಜಿ ಬಣವೆಯಿಂದ ಒಂದು ಸೂಡು ಎಳೆದು ಕಂಕುಳಲ್ಲಿ ಹಿಡಿದು ನಿಂತಿದ್ದಳು, ಇವಳಿಗಾಗಿಯೇ ಕಾಯುತ್ತಿದ್ದಂತೆ. ಹಸಿರು ಗಂಟನ್ನು ಆಗಲೇ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಇಬ್ಬರ ಕೈಯಲ್ಲೂ ಸಪ್ಪೆಯೇ.

ಶಾಲಿನಿ ತಟ್ಟೆಯನ್ನು ಮುಂದೆ ಚಾಚಿದಳು. ಅಜ್ಜಿ ಅದನ್ನು ತೆಗೆದುಕೊಂಡು, ಕಂಕುಳಿನ ಸೂಡನ್ನು ಅವಳ ತೋಳಿಗಿಟ್ಟಳು. ಚಂದ್ರಿ ಕತ್ತು ಎತ್ತಿ ಕಾಯುತ್ತಿತ್ತು.